ನಾಲ್ಕನೆಯ ಗುಬ್ಬಚ್ಚಿ: ಹಳೆಯ ಮಾಜಾಂಗ್ ಕಾಯಿಗಳೊಡನೆ ನನ್ನ ಅನುಭವ

ಉದ್ಯೋಗದ ನಿಮಿತ್ತ ಹಾಂಗ್‌ಕಾಂಗ್‌ನಲ್ಲಿ ನೆಲೆಸಿದ ಮೇಲೆ, ರಜೆಯ ದಿನಗಳಲ್ಲಿ ಅಪ್ಪರ್ ಲಾಸ್ಕರ್ ರೋ ಬೀದಿಯ ಹಳೆ ಸಾಮಾನಿನ ಅಂಗಡಿಗಳನ್ನು ಸುತ್ತುವುದು ನನಗೆ ರೂಢಿಯಾಯಿತು. ಚಿತ್ರ ಕೆತ್ತಿದ ಕಾಯಿಗಳಿಂದ ಆಡುವ ಚೀನಾದ ಆಟವಾದ ಮಾಜಾಂಗ್‌ನ ನನ್ನ ಮೊದಲ ಪೆಟ್ಟಿಗೆ ಸಿಕ್ಕಿದ್ದು ಅಲ್ಲಿಯೇ. ಕಾಯಿಗಳ ಮೂಲೆಯಲ್ಲಿ ನಮಗೂ ಓದಲು ಬರುವ ಅಂಕಿಗಳಿದ್ದುದರಿಂದ ಅದು ಹೊರದೇಶದವರಿಗಾಗಿ ಮಾಡಿದ್ದೆಂದು ತಿಳಿಯಿತು. 1920ರ ದಶಕದಲ್ಲಿ ಅಮೆರಿಕದವರಿಗೆ ಈ ಆಟದ ಹುಚ್ಚು ಹಿಡಿದಾಗ, ಶಾಂಘೈನ ಕೆಲಸಗಾರರು ಅಮೆರಿಕದಿಂದಲೇ ಬಂದ ದನದ ಮೂಳೆಯಲ್ಲಿ ಕಾಯಿ ಕೆತ್ತಿ ಅಲ್ಲಿಗೇ ಕಳುಹಿಸುತ್ತಿದ್ದರು.

ಅಂಗಡಿಯಲ್ಲಿ ಎಣಿಸಿದಾಗ 144 ಕಾಯಿಗಳೂ ಇದ್ದವು. ಮನೆಗೆ ತಂದು ಬಗೆಬಗೆಯಾಗಿ ಜೋಡಿಸಿದಾಗ ಮಾತ್ರ ತಪ್ಪು ಕಣ್ಣಿಗೆ ಬಿತ್ತು. ಬಿದಿರು ಕಡ್ಡಿಗಳ ಚಿತ್ರವಿರುವ, ಬಿದಿರಿನ ಸಾಲು ಎನ್ನುವ ಬಗೆಯಲ್ಲಿ ಒಂದನೆಯ ಕಾಯಿಯ ಮೇಲೆ ಕಡ್ಡಿಯ ಬದಲು ಹಕ್ಕಿಯನ್ನು ಕೆತ್ತುವುದು ವಾಡಿಕೆ; ಪೆಟ್ಟಿಗೆಯಲ್ಲಿ ಅಂಥ ನಾಲ್ಕು ಕಾಯಿಗಳಿರುತ್ತವೆ. ಕ್ಯಾಂಟನೀಸ್ ಭಾಷೆಯಲ್ಲಿ ಆಟದ ಹೆಸರಿಗೇ ಗುಬ್ಬಚ್ಚಿ ಎಂಬ ಅರ್ಥವಿದೆಯಾದ್ದರಿಂದ ನಾನು ಆ ಹಕ್ಕಿಗಳನ್ನು ಗುಬ್ಬಚ್ಚಿಗಳೆಂದೇ ಕರೆಯುತ್ತೇನೆ. ಮೂರು ಗುಬ್ಬಚ್ಚಿಗಳ ಬಾಲದಲ್ಲಿ ಐದು ಗೀರುಗಳಿದ್ದರೆ ನಾಲ್ಕನೆಯದರಲ್ಲಿ ಮೂರೇ ಇದ್ದವು. ಕಾಯಿಯನ್ನು ಹೊರಳಿಸಿದರೆ, ಬಿದಿರಿನ ಬೆನ್ನಿಗೆ ಕೂಡಿಸಿದ ಅದರ ಮೂಳೆಯ ಪದರವೂ ತೆಳು. ಅದು ಬೇರೊಂದು ಪೆಟ್ಟಿಗೆಯಿಂದ ಬಂದ ಕಾಯಿ.

ಅಂದಿನಿಂದ ನಾನು ಕೆತ್ತನೆಗಿಂತ ಮೊದಲು ಕಾಯಿಯ ಬದಿಯನ್ನು ನೋಡುತ್ತೇನೆ. ಒಳ್ಳೆಯ ಕೆಲಸದಲ್ಲಿ ಮೂಳೆಯನ್ನೂ ಬಿದಿರನ್ನೂ ಬರಿಯ ಅಂಟಿನಿಂದ ಕೂಡಿಸದೆ, ಒಂದರ ಏಣನ್ನು ಇನ್ನೊಂದರ ತೋಡಿನೊಳಗೆ ಪಕ್ಕದಿಂದ ತೂರಿಸಿರುತ್ತಾರೆ; ನೂರು ವರ್ಷಗಳ ನಂತರವೂ ಉಗುರು ಹೋಗದಷ್ಟು ಬಿಗಿಯಾದ ಆ ಕೂಡುಗೆರೆಯನ್ನು ಕಂಡಾಗಲೆಲ್ಲ ನನಗೆ ಮಾಡಿದವರ ಕೈಯ ಮೇಲೆ ಗೌರವ ಹುಟ್ಟುತ್ತದೆ. ಮಾರುವವರು ಮೂಳೆಯನ್ನೂ ಆನೆದಂತವೆನ್ನುವುದುಂಟು. ಭೂತಗನ್ನಡಿಯಲ್ಲಿ ಸಣ್ಣ ಕಪ್ಪು ಚುಕ್ಕೆ, ಗೆರೆಗಳು ಕಂಡರೆ ಅದು ಮೂಳೆ, ಏಕೆಂದರೆ ಅವು ರಕ್ತನಾಳಗಳು ಹಾದುಹೋದ ದಾರಿಗಳು. ಕಾಯಿಸಿದ ಸೂಜಿ ಚುಚ್ಚಿ ಪರೀಕ್ಷಿಸುವುದು ಬೇಡ. ಕಾಯಿ ಸೆಲ್ಯುಲಾಯ್ಡ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್ ಆಗಿದ್ದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ನಿಜವಾಗಿ ದಂತವಾಗಿದ್ದರೆ ನಾನು ಕೊಳ್ಳುವುದಿಲ್ಲ.

ಶುಚಿಗೊಳಿಸುವಾಗ ನಾನು ಮಾಡಿದ ತಪ್ಪನ್ನೂ ಹೇಳಬೇಕು. ಒದ್ದೆ ಬಟ್ಟೆಯಿಂದ ಒರೆಸಿದ ಒಂದು ಕಾಯಿಯ ಕೆಂಪು ಬಣ್ಣ ಬಟ್ಟೆಗೆ ಹತ್ತಿಕೊಂಡಿತು. ಈಗ ಒಣಗಿದ ಮೆತ್ತನೆಯ ಕುಂಚ ಮಾತ್ರ ಬಳಸುತ್ತೇನೆ. ಆ ಕಾಯಿಗೆ ಹೊಸ ಬಣ್ಣ ತುಂಬಿಸಲು ಮನಸ್ಸು ಬರಲಿಲ್ಲ. ಐದು ಗೀರಿನ ಬಾಲವುಳ್ಳ ಗುಬ್ಬಚ್ಚಿಗಾಗಿ ಬಿಡಿ ಕಾಯಿಗಳ ಡಬ್ಬಿಗಳನ್ನು ಇಂದಿಗೂ ಹುಡುಕುತ್ತಿದ್ದೇನೆ.