ಸಾಲದ ಸಾಮ್ಯವನ್ನು ನಮ್ಮ ದುಡಿಮೆಯಲ್ಲೇ ಲೆಕ್ಕ ಹಾಕಿದೆವು

ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದ ನಿರ್ದಯಿ ಸೇವಕನ ಸಾಮ್ಯವನ್ನು, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆಯನ್ನು, ಬೈಬಲ್ ಅಧ್ಯಯನ ನಡೆಸುವ ನಾವೆಲ್ಲ ತೆಗೆದುಕೊಂಡಿರುತ್ತೇವೆ. ರಾಜನಿಂದ ದೊಡ್ಡ ಸಾಲ ಮನ್ನಾ ಮಾಡಿಸಿಕೊಂಡ ಸೇವಕನೊಬ್ಬ, ತನಗೆ ಚಿಕ್ಕ ಸಾಲ ಕೊಡಬೇಕಿದ್ದ ಜೊತೆ ಸೇವಕನನ್ನು ಸೆರೆಗೆ ಹಾಕಿಸಿದ ಕಥೆ ಅದು. 'ದೇವರು ನಮ್ಮನ್ನು ಕ್ಷಮಿಸಿದ್ದಾನೆ, ನಾವೂ ಕ್ಷಮಿಸೋಣ' ಅಂತ ಮುಗಿಸಿರುತ್ತೇವೆ. ಜನ ಆಮೆನ್ ಹೇಳಿ ಮನೆಗೆ ಹೋಗುತ್ತಾರೆ. ಮಾತು ಬಿಟ್ಟವರು ಮಾತು ಬಿಟ್ಟೇ ಇರುತ್ತಾರೆ, ಅಲ್ವಾ? ನಮ್ಮ ಕೂಟದಲ್ಲಿ ಇದು ಬದಲಾಯಿತು. 'ಪ್ರಾರ್ಥನಾ ಕೂಟದಲ್ಲಿ ಲೆಕ್ಕ ಯಾಕೆ?' ಎಂದು ಕೇಳಿದ ಹಿರಿಯರೇ ಈಗ ತಮ್ಮ ಗುಂಪಿನಲ್ಲಿ ಇದೇ ವಿಧಾನ ಹಿಡಿದಿದ್ದಾರೆ.

ಮೊದಲು ನಮ್ಮಲ್ಲಿ ಚಾರ್ಟ್ ಇತ್ತು. ಸಾಮ್ಯದಲ್ಲಿ ಬರುವ ಒಂದೊಂದಕ್ಕೂ ಒಂದೊಂದು ಅರ್ಥ. ಕಳ್ಳರು ಹೊಡೆದು ಹಾಕಿದ್ದವನನ್ನು ಛತ್ರಕ್ಕೆ ಸೇರಿಸಿದ ಒಳ್ಳೆಯ ಸಮಾರ್ಯದವನ ಸಾಮ್ಯದಲ್ಲಿ ಛತ್ರ ಅಂದರೆ ಸಭೆ, ಛತ್ರದವನು ಅಂದರೆ ಅಪೊಸ್ತಲ ಪೌಲ. ಸಂತ ಅಗಸ್ಟೀನ್ ಕೂಡ ಹಾಗೇ ಓದಿದ್ದರು. ಕೇಳಲು ಚೆನ್ನಾಗಿತ್ತು, ಜನ ಬರೆದುಕೊಂಡರು. ಬಣ್ಣದ ಚಾರ್ಟ್, ಎಲ್ಲರಿಗೂ ಪುಸ್ತಿಕೆ, ಆಮೇಲೆ ಪ್ರೊಜೆಕ್ಟರ್ ಬಾಡಿಗೆ. ಕೂಟದ ವರ್ಷದ ಹಣದಲ್ಲಿ ಹತ್ತಿರ ಹತ್ತಿರ ಅರ್ಧ ಅದಕ್ಕೇ ಹೋಯಿತು. ಯಾರ ಮನೆಯಲ್ಲೂ ಏನೂ ಕದಲಲಿಲ್ಲ. ಈಗ ಬೇಕಾಗಿರುವುದು ಖಾಲಿ ಹಾಳೆ ಮತ್ತು ಪೆನ್ಸಿಲ್, ಅಷ್ಟೇ.

ದೆನಾರಿ ಎಂಬ ನಾಣ್ಯ ಆಗಿನ ಒಂದು ದಿನದ ಕೂಲಿ. ತಲಾಂತು ಅಂದರೆ ಸುಮಾರು 6,000 ದೆನಾರಿ. ಸೇವಕನ ಸಾಲ 10,000 ತಲಾಂತು, ಅಂದರೆ 6 ಕೋಟಿ ದೆನಾರಿ; ಜೊತೆ ಸೇವಕನದು 100 ದೆನಾರಿ. ಪ್ರತಿಯೊಬ್ಬರೂ ತಮ್ಮ ಒಂದು ದಿನದ ದುಡಿಮೆಯನ್ನು ಹಾಳೆಯ ಮೇಲೆ ಬರೆಯಬೇಕು. ಅದನ್ನು ಮೊದಲು 100ರಿಂದ ಗುಣಿಸಬೇಕು, ಆಮೇಲೆ ಅದೇ ಒಂದು ದಿನದ ದುಡಿಮೆಯನ್ನು 6 ಕೋಟಿಯಿಂದ. ದೊಡ್ಡ ಸಾಲ ನೋಡಿ ಜನ ನಗುತ್ತಾರೆ. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು ಎರಡು ಲಕ್ಷ ವರ್ಷ ಬೇಕು! ಆದರೆ ಕೋಣೆ ಸುಮ್ಮನಾಗುವುದು ಚಿಕ್ಕ ಸಾಲದ ಮುಂದೆ.

ಏಕೆಂದರೆ ಅದು ಚಿಕ್ಕದಲ್ಲ. ನೂರು ದೆನಾರಿ ಅಂದರೆ ಮೂರು ನಾಲ್ಕು ತಿಂಗಳ ಸಂಪಾದನೆ. ಸಂದೇಶ ಕೊಡುವವರು ಅದನ್ನು 'ಪುಡಿಗಾಸು' ಎಂದುಬಿಡುತ್ತಾರೆ. ಅಲ್ಲೇ ಸಾಮ್ಯ ಕೈತಪ್ಪುತ್ತದೆ. ನಿಮಗೆ ಆದದ್ದು ದೊಡ್ಡ ನಷ್ಟವೇ ಅಲ್ಲ ಅಂದರೆ ನೊಂದವರು ಯಾಕೆ ಕೇಳಬೇಕು? ಯೇಸು ಆ ನಷ್ಟವನ್ನು ಅಲ್ಲಗಳೆಯುವುದಿಲ್ಲ. ಮೂರು ನಾಲ್ಕು ತಿಂಗಳ ದುಡಿಮೆ ಕಳೆದುಕೊಂಡವನ ನೋವನ್ನು ಒಪ್ಪಿಕೊಂಡೇ ಬಿಟ್ಟುಬಿಡು ಎನ್ನುತ್ತಾನೆ. ಇನ್ನೊಂದು ನೋಡಿ. 26ನೇ ವಚನದಲ್ಲಿ ಮೊದಲನೆಯವನು, 29ರಲ್ಲಿ ಎರಡನೆಯವನು, ಇಬ್ಬರೂ ಬೇಡುವುದು ಒಂದೇ: ಸ್ವಲ್ಪ ತಾಳಿಕೋ, ತೀರಿಸುತ್ತೇನೆ. ಮೊದಲನೆಯವನಿಂದ ಅದು ಎಂದೂ ಆಗದ ಮಾತು. ಎರಡನೆಯವನಿಂದ ನಿಜವಾಗಿ ಆಗುತ್ತಿತ್ತು. ಸೆರೆಗೆ ಹಾಕಿಸಿದ್ದು ತೀರಿಸಬಲ್ಲವನನ್ನು! ಇದನ್ನು ನಾನು ವಿವರಿಸುವುದಿಲ್ಲ. ಎರಡೂ ವಚನ ಒಬ್ಬರಿಂದಲೇ ಓದಿಸುತ್ತೇನೆ.

ಆಮೇಲೆ ಆ ನೂರು ದಿನದ ಮೊತ್ತದ ಪಕ್ಕದಲ್ಲಿ, ತಮಗೆ ನಷ್ಟ ಮಾಡಿದವರ ಒಂದು ಹೆಸರು. ಹಾಳೆಯನ್ನು ಯಾರೂ ನೋಡುವುದಿಲ್ಲ, ಮಡಚಿ ಮನೆಗೆ ಒಯ್ಯುತ್ತಾರೆ. ಹೆಸರು ಬರೆಯುವ ಮೊದಲು ನಾನು ಕೇಳುವ ಪ್ರಶ್ನೆ ಒಂದಿದೆ. ಅದನ್ನು ಇಲ್ಲಿ ಹೇಳುವುದಿಲ್ಲ. ಮೊದಲೇ ಗೊತ್ತಿದ್ದವರ ಮೇಲೆ ಅದು ಕೆಲಸ ಮಾಡುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಕೊಡುತ್ತೇನೆ. ಹಿಂಸೆ ಅನುಭವಿಸಿದವರನ್ನು ರಾಜಿಗೆ ದೂಡಬೇಡಿ. ಅದೇ ಅಧ್ಯಾಯದ 15ರಿಂದ 17ರಲ್ಲಿ ತಪ್ಪು ಮಾಡಿದವನಿಗೆ ಮುಖ ಕೊಟ್ಟು ಹೇಳುವ ಕ್ರಮವೂ ಇದೆ. ಅದನ್ನು ಬಿಟ್ಟು ಇದನ್ನು ಮಾಡಬೇಡಿ.

ಆಸ್ತಿಗಾಗಿ ವರ್ಷಗಟ್ಟಲೆ ಮುಖ ನೋಡದಿದ್ದ ಅಣ್ಣತಮ್ಮಂದಿರು ಈಗ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಒಬ್ಬರು ಸಾಲಪತ್ರವನ್ನೇ ಹರಿದು ಹಾಕಿದರು. ಹದಿನೈದು ಇಪ್ಪತ್ತು ಜನರ ಕೂಟಕ್ಕೆ ಇದು ಕಡಿಮೆಯೇನಲ್ಲ. ಚಾರ್ಟ್ ಇದ್ದ ವರ್ಷಗಳಲ್ಲಿ ಇಂಥದ್ದು ಒಂದೂ ಆಗಿರಲಿಲ್ಲ.

ಇದೇ ಹುರುಪಿನಲ್ಲಿ ಲೂಕ 10ನ್ನೂ ಪ್ರಯೋಗಿಸಿದೆವು. ಸಮಾರ್ಯದವನು ಛತ್ರದವನಿಗೆ ಕೊಟ್ಟದ್ದು ಎರಡು ದೆನಾರಿ. ಹಾಗಾಗಿ ಎರಡು ದಿನದ ದುಡಿಮೆಯನ್ನು ಲಕೋಟೆಯಲ್ಲಿಟ್ಟು ಕಷ್ಟದಲ್ಲಿರುವವರಿಗೆ ಕೊಡಿ ಎಂದೆವು. ಹಣ ಹೋಯಿತು, ಆದರೆ ಬಹುತೇಕ ಸ್ವಂತ ನೆಂಟರಿಗೇ ಹೋಯಿತು! ಯೆಹೂದ್ಯರಿಗೂ ಸಮಾರ್ಯದವರಿಗೂ ಒಗ್ಗುತ್ತಿರಲಿಲ್ಲವಲ್ಲ, ಹಾಗಾಗಿ ಎರಡನೇ ಸಲ, ನಿಮಗೆ ಒಗ್ಗದ ಗುಂಪಿನವರಿಗೇ ಕೊಡಬೇಕು ಎಂದು ನಿಯಮ ಹಾಕಿದೆವು. ಲಕೋಟೆಗಳು ಕಡಿಮೆಯಾದವು. ಆದರೆ ಆ ವಾರದ ಚರ್ಚೆಯಷ್ಟು ಬಿಸಿಯಾದದ್ದು ಇನ್ನೊಂದಿಲ್ಲ.

ಈಗ ಮತ್ತಾಯ 20 ಶುರು ಮಾಡಿದ್ದೇವೆ, ದ್ರಾಕ್ಷಿತೋಟದ ಕೂಲಿಯವರು. ಬೆಳಿಗ್ಗೆ ಬಂದವನಿಗೂ ಸಂಜೆ ಒಂದು ತಾಸು ದುಡಿದವನಿಗೂ ಅದೇ ಒಂದು ದೆನಾರಿ. ಸಾಲ ಬಿಡಲು ಒಪ್ಪಿದವರೇ ಇಲ್ಲಿ ತಕರಾರು ತೆಗೆಯುತ್ತಿದ್ದಾರೆ. ಸಭೆಗೆ ಹೊಸದಾಗಿ ಬಂದವರನ್ನು ಅವರ ಪಕ್ಕದಲ್ಲೇ ಕೂರಿಸಿ ನೋಡುತ್ತಿದ್ದೇನೆ.