ಬೀದರ್ ಮಾಳಿಗೆಯಿಂದ ಯಲಹಂಕದವರೆಗೆ: ನಾನು ಏರ್ ಶೋ ನೋಡಲು ಕಲಿತದ್ದು

ನಮ್ಮದು ಬೀದರ್. ಇಲ್ಲಿ ವಿಮಾನದ ಸದ್ದಿಗೆ ಯಾರೂ ತಲೆ ಎತ್ತುವುದಿಲ್ಲ. ವಾಯುಪಡೆಯ ನೆಲೆ ಊರಿಗೆ ಅಂಟಿಕೊಂಡೇ ಇದೆ. ಮದುವೆಯಲ್ಲಿ ಅಯ್ನೋರು ಮಂತ್ರ ಹೇಳುವಾಗ ಮೇಲೆ ಹಾಕ್ ಜೆಟ್ ಹೋಯಿತೆಂದರೆ ಸುಮ್ನೆ ನಿಲ್ಲಿಸುತ್ತಾರೆ. ಸದ್ದು ಹೋದ ಮೇಲೆ ಬಿಟ್ಟಲ್ಲಿಂದ ಶುರು ಮಾಡುತ್ತಾರೆ. ಅಕ್ಷತೆ ಹಿಡಿದ ಜನರೂ ಹಾಗೇ ಕಾಯುತ್ತಾರೆ. ಮದುವೆ ಫೋಟೋ ತೆಗೆಯುವುದು ನನ್ನ ಕಸುಬು, ಹಾಗಾಗಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಆದರೆ ನಾನು ಇಂದಿಗೂ ತಲೆ ಎತ್ತುತ್ತೇನೆ. ಆ ಚಟ ಹತ್ತಿಸಿದವರು ನಮ್ಮ ಮುತ್ಯಾ, ಅಂದರೆ ಅಜ್ಜ.

ಮುತ್ಯಾ ಮಾಳಿಗೆಯ ಮೇಲೆ ಹೊರಸು ಹಾಕಿಕೊಂಡು ಮಲಗುತ್ತಿದ್ದರು. ನಾನು ಪಕ್ಕದಲ್ಲಿ. ಅವರು ಮತ್ತೆ ಮತ್ತೆ ಹೇಳುತ್ತಿದ್ದ ಕಥೆ ಒಂದಿತ್ತು. 1948, ನಿಜಾಮರ ಪರವಾದ ರಜಾಕಾರರ ದಂಡಿನ ಗದ್ದಲದ ವರ್ಷ. ಬೀದರ್ ಆಗ ನಿಜಾಮರ ಕೈಯಲ್ಲಿತ್ತು. ಮುತ್ಯಾಗೆ ಆಗ ಹತ್ತು-ಹನ್ನೊಂದು ವಯಸ್ಸು. ರಾತ್ರಿ ಹೊತ್ತು ದೀಪವಿಲ್ಲದ ವಿಮಾನ ಬರುತ್ತಿತ್ತಂತೆ. "ಕಣ್ಣಿಗಿ ಏನೂ ಕಾಣ್ತಿದ್ದಿಲ್ಲ ತಮ್ಮಾ. ಬರೇ ಸಪ್ಪಳ. ಎದಿಯಾಗ ಗುಂಯ್ ಅಂತಿತ್ತು." ಮನೆಯವರು ದೀಪ ಆರಿಸಿ ಒಳಗೆ ಕೂರುತ್ತಿದ್ದರಂತೆ. ಬಹಳ ವರ್ಷಗಳ ಮೇಲೆ ಓದಿ ತಿಳಿದೆ. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ಪೈಲಟ್ ಆ ವರ್ಷ ಕರಾಚಿಯಿಂದ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ನಿಜಾಮರ ಸರ್ಕಾರಕ್ಕೆ ಕಳ್ಳತನದಿಂದ ಶಸ್ತ್ರ ಸಾಗಿಸುತ್ತಿದ್ದ. ಬೀದರ್ ಮತ್ತು ವಾರಂಗಲ್‌ನಲ್ಲಿ ಇಳಿಸುತ್ತಿದ್ದ. ಮುತ್ಯಾ ಕೇಳಿದ ಸದ್ದು ಅದೇ ಇರಬೇಕು ಎಂದು ನನ್ನ ನಂಬಿಕೆ.

ನನ್ನ ಕಾಲಕ್ಕೆ ಮಾಳಿಗೆಯ ಮೇಲೆ ಬಂದದ್ದು ಸೂರ್ಯಕಿರಣ. ಆಕಾಶದಲ್ಲಿ ಒಟ್ಟಾಗಿ ಕಸರತ್ತು ಮಾಡುವ ವಾಯುಪಡೆಯ ಈ ತಂಡ 1996ರಲ್ಲಿ ಕಿರಣ್ ಮಾರ್ಕ್ 2 ವಿಮಾನಗಳೊಂದಿಗೆ ಶುರುವಾಯಿತು. ಅದರ ಮನೆ ಬೀದರ್. ದೇಶದ ಬೇರೆ ಊರಿನವರು ವರ್ಷಕ್ಕೊಮ್ಮೆ ನೋಡುವುದನ್ನು ನಾವು ಶಾಲೆಗೆ ಹೋಗುವ ದಾರಿಯಲ್ಲಿ ನೋಡುತ್ತಿದ್ದೆವು. ಅವ್ವ ಮೆಣಸಿನಕಾಯಿ ಒಣಹಾಕುವಾಗ ಒಂಬತ್ತು ಕೆಂಪು-ಬಿಳಿ ವಿಮಾನಗಳು ಒಂದೇ ಹಾಳೆಯಂತೆ ಮಗುಚಿಕೊಳ್ಳುತ್ತಿದ್ದವು. 2011ರಲ್ಲಿ ಬೆಂಗಳೂರಿನ ಯಲಹಂಕದ ಏರ್ ಶೋ ಏರೋ ಇಂಡಿಯಾ ಆದ ಮೇಲೆ ಕಿರಣ್‌ಗಳನ್ನು ತರಬೇತಿಗೆ ತೆಗೆದುಕೊಂಡರು. ತಂಡ ನಿಂತುಹೋಯಿತು. ತರಬೇತಿಯ ಹಾಕ್‌ಗಳು ಹಾರುತ್ತಲೇ ಇದ್ದವು, ಆದರೆ ಒಂದೊಂದೇ. ನನಗೆ ಆಕಾಶ ಖಾಲಿ ಅನಿಸುತ್ತಿತ್ತು. 2015ರಲ್ಲಿ ಹಾಕ್‌ಗಳೊಂದಿಗೇ ತಂಡ ಮತ್ತೆ ಎದ್ದಿತು. ಮೊದಲು ನಾಲ್ಕು, ಆಮೇಲೆ ಆರು, ಮುಂದೆ ಒಂಬತ್ತು. ನಾವು ಮಾಳಿಗೆಯ ಮೇಲೆ ನಿಂತು ಎಣಿಸಿದ್ದೇವೆ.

ನಾನು ಕಲಿತದ್ದೆಲ್ಲ ಈ ತಾಲೀಮುಗಳಿಂದ. ವಾಯುನೆಲೆಯ ಹತ್ತಿರ ಕ್ಯಾಮೆರಾ ತೆಗೆಯುವಂತಿಲ್ಲ, ತೆಗೆಯಲೂಬಾರದು. ಅದಕ್ಕೇ ಬರಿಗಣ್ಣಲ್ಲಿ ನೋಡಿದೆ. ಹಳೆಯ ಲೆಕ್ಕದ ಪುಸ್ತಕವೊಂದರಲ್ಲಿ ಪೆನ್ಸಿಲ್‌ನಿಂದ ಗೆರೆ ಎಳೆದಿಡುತ್ತಿದ್ದೆ. ಯಾವ ಆಟ ಆದ ಮೇಲೆ ಯಾವುದು, ಎಲ್ಲಿ ಹೊಗೆ ಬಿಡುತ್ತಾರೆ, ಎಲ್ಲಿ ತಂಡ ಎರಡಾಗಿ ಒಡೆಯುತ್ತದೆ, ಎಲ್ಲ. ಆ ಬಿಳಿ ಹೊಗೆ ಬೇರೇನೂ ಅಲ್ಲ, ಬಿಸಿ ಎಕ್ಸಾಸ್ಟ್‌ಗೆ ಡೀಸೆಲ್ ಚಿಮ್ಮಿಸುತ್ತಾರೆ. ಬಣ್ಣ ಬೇಕೆಂದರೆ ಅದಕ್ಕೇ ಬಣ್ಣ ಬೆರೆಸುತ್ತಾರೆ. ಹೊಗೆ ಶುರುವಾಯಿತೆಂದರೆ ಆಟ ಶುರು ಎಂದು ನನಗೆ ಬಾಯಿಪಾಠ.

ಇನ್ನೊಂದು ಪಾಠ ಕಿವಿಯದು. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡ್ ತೆಗೆದುಕೊಳ್ಳುತ್ತದೆ. ಗಂಟೆಗೆ 600 ಕಿ.ಮೀ. ವೇಗದ ಜೆಟ್ ಅಷ್ಟರಲ್ಲಿ ಅರ್ಧ ಕಿಲೋಮೀಟರ್ ದಾಟಿರುತ್ತದೆ. ಸದ್ದು ಬಂದ ಕಡೆ ನೋಡಿದರೆ ಅಲ್ಲಿ ಬರೀ ಆಕಾಶ. ಸದ್ದಿಗಿಂತ ಮುಂದೆ ನೋಡಬೇಕು. ಬೀದರ್‌ನ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಬೆಂಗಳೂರಲ್ಲಿ ಮೊದಲ ಸಲ ಏರ್ ಶೋ ನೋಡುವವರು "ಎಲ್ಲಿ, ಎಲ್ಲಿ?" ಎಂದು ಹುಡುಕುವಾಗ ನನಗೆ ಇದರ ಬೆಲೆ ತಿಳಿಯಿತು.

ಕ್ಯಾಮೆರಾ ಕೈಗೆ ಹದ್ದುಗಳು ಪಾಠ ಹೇಳಿದವು. ಬೀದರ್ ಕೋಟೆಯ ಕಂದಕದ ಮೇಲೆ ಬೆಳಿಗ್ಗೆ ಹದ್ದು ಸುತ್ತುತ್ತವೆ, ಪಾರಿವಾಳ ಗುಂಪಾಗಿ ಏಳುತ್ತವೆ. ದೂರದ್ದನ್ನು ಹತ್ತಿರ ತೋರಿಸುವ ಹಳೆಯದೊಂದು 150-600 ಲೆನ್ಸ್ ಕೊಂಡೆ. ಮದುವೆ ಸೀಸನ್ ಮುಗಿದ ಮೇಲೆ ವಾರಕ್ಕೆ ಎರಡು ಸಲ ಕೋಟೆಗೆ ಹೋಗುತ್ತಿದ್ದೆ. ಕಾಲು ನೆಟ್ಟಗೆ ಊರಿ, ಮೊಣಕೈ ಪಕ್ಕೆಗೆ ಒತ್ತಿ, ಸೊಂಟದಿಂದ ತಿರುಗಬೇಕು. ಬಟನ್ ಒತ್ತಿದ ಮೇಲೂ ತಿರುಗುತ್ತಲೇ ಇರಬೇಕು, ನಿಂತರೆ ಫೋಟೋ ಹೋಯಿತು. ಪಾರಿವಾಳ ಸಿಕ್ಕರೆ ಜೆಟ್ ಸಿಗುತ್ತದೆ. ಇದನ್ನು ಧೈರ್ಯವಾಗಿ ಹೇಳಬಲ್ಲೆ.

ಮೊದಲ ಸಲ ಯಲಹಂಕಕ್ಕೆ ಹೋದದ್ದು 2017ರ ಫೆಬ್ರವರಿಯಲ್ಲಿ, ಏರೋ ಇಂಡಿಯಾದ ಕೊನೆಯ ದಿನ, ಶನಿವಾರ. ಜೊತೆಗೆ ನನ್ನ ಮಾವನ ಮಗ. ರಾತ್ರಿ ರೈಲು, ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ. ಬಳ್ಳಾರಿ ರಸ್ತೆ ಬೆಳಿಗ್ಗೆ ಏಳಕ್ಕೇ ತುಂಬಿತ್ತು. ಹೋಗುವವರು ಐದಕ್ಕೇ ಹೊರಡಿ, ಸುಮ್ನೆ ಹೇಳುತ್ತಿಲ್ಲ. ಟೋಪಿ, ನೀರು, ಮತ್ತು ಸೂರ್ಯ ಬೆನ್ನಿಗೆ ಬರುವ ಜಾಗ, ಈ ಮೂರು ಇದ್ದರೆ ದಿನ ಕಳೆಯುತ್ತದೆ.

ಅಂದು ಸ್ಕ್ಯಾಂಡಿನೇವಿಯಾದ ತಂಡವೊಂದು ಬಂದಿತ್ತು. ಹಳೇ ಕಾಲದ ಹಾಗೆ ಮೇಲೊಂದು ಕೆಳಗೊಂದು ರೆಕ್ಕೆಯ, ಮೂತಿಯಲ್ಲಿ ಫ್ಯಾನ್ ಇರುವ ವಿಮಾನಗಳು. ರೆಕ್ಕೆಯ ಮೇಲೆ ಹುಡುಗಿಯರು ನಿಂತು ಕೈ ಬೀಸುತ್ತಿದ್ದರು. ಜನ ಉಸಿರು ಬಿಗಿ ಹಿಡಿದಿದ್ದರು. ನಾನು ಜೆಟ್‌ಗೆಂದು ಇಟ್ಟ 1/2000 ಸೆಕೆಂಡ್ ಶಟರ್‌ನಲ್ಲೇ ಇನ್ನೂರು ಫೋಟೋ ತೆಗೆದೆ. ಮಧ್ಯಾಹ್ನ ನೆರಳಲ್ಲಿ ಕೂತು ನೋಡಿದರೆ ಎಲ್ಲದರಲ್ಲೂ ಫ್ಯಾನ್ ನಿಂತುಬಿಟ್ಟಿದೆ. ವಿಮಾನ ದಾರದಲ್ಲಿ ಕಟ್ಟಿ ತೂಗುಹಾಕಿದ ಹಾಗೆ ಕಾಣುತ್ತಿತ್ತು. ಹಾರಾಟವೇ ಇರಲಿಲ್ಲ.

ತುಂಬಾ ಬೇಜಾರಾಯಿತು. ಆದರೆ ಮಧ್ಯಾಹ್ನದ ಪಾಳಿ ಇನ್ನೂ ಇತ್ತು. ಸಾರಂಗ್ ಬಂತು, ನಮ್ಮ ಹೆಚ್ಎಎಲ್‌ನ ಧ್ರುವ್ ಹೆಲಿಕಾಪ್ಟರ್‌ಗಳ ತಂಡ. ಮೈಮೇಲೆ ನವಿಲಿನ ಚಿತ್ರ. ಸಾರಂಗ ಎಂದರೂ ನವಿಲೇ. ಈ ಸಲ ಶಟರ್ 1/200ಕ್ಕೆ ಇಳಿಸಿದೆ. ಕೈ ನಡುಗಿದರೆ ಎಲ್ಲ ಮಸುಕು, ಹತ್ತರಲ್ಲಿ ಒಂಬತ್ತು ಹೋಗುತ್ತವೆ. ಆದರೆ ಉಳಿದ ಒಂದರಲ್ಲಿ ಮೇಲಿನ ರೆಕ್ಕೆಗಳು ಬೀಸಿದ ಹಾಗೆ ಮಸುಕಾಗಿ ತಿರುಗುತ್ತಿರುತ್ತವೆ, ಪೈಲಟ್‌ನ ಹೆಲ್ಮೆಟ್ ಚೂಪಾಗಿ ನಿಂತಿರುತ್ತದೆ. ಆ ಒಂದು ಫೋಟೋ ಇಂದಿಗೂ ನನ್ನ ಸ್ಟುಡಿಯೋ ಗೋಡೆಯಲ್ಲಿದೆ. ಈಗ ಜೆಟ್‌ಗೆ 1/1000ಕ್ಕಿಂತ ಮೇಲೆ, ಫ್ಯಾನ್ ಇದ್ದರೆ 1/250ಕ್ಕಿಂತ ಕೆಳಗೆ. ಬಿಳಿ ಆಕಾಶಕ್ಕೆ ಕ್ಯಾಮೆರಾ ಮೋಸ ಹೋಗಿ ವಿಮಾನವನ್ನು ಕಪ್ಪು ಮಾಡುತ್ತದೆ. ಎಕ್ಸ್‌ಪೋಷರ್ ಒಂದು ಹಂತ ಜಾಸ್ತಿ ಇಡುವುದು ವಾಸಿ.

ಸೂರ್ಯಕಿರಣ ಬಂದಾಗ ಕ್ಯಾಮೆರಾಕ್ಕಿಂತ ಪೆನ್ಸಿಲ್ ಗೆರೆಗಳೇ ಕೆಲಸಕ್ಕೆ ಬಂದವು. ಎರಡು ಹಾಕ್ ಎದುರುಬದುರು ಬಂದು ದಾಟುವ ಆಟ ಇದೆಯಲ್ಲ, ಅದರಲ್ಲಿ ಎಲ್ಲರೂ ಎಡಗಡೆಯಿಂದ ಬರುವುದನ್ನೇ ನೋಡುತ್ತಾರೆ. ಬಲಗಡೆಯದು ಯಾವಾಗ ಬಂತೋ ಗೊತ್ತೇ ಆಗುವುದಿಲ್ಲ. ನಾನು ಎರಡನ್ನೂ ಬಿಟ್ಟು ನಡುವಿನ ಖಾಲಿ ಆಕಾಶಕ್ಕೆ ಲೆನ್ಸ್ ಇಟ್ಟು ಕಾದೆ. ಸಿಕ್ಕಿತು. ಎರಡು ಹೊಟ್ಟೆಗಳು, ನಡುವೆ ಒಂದು ಬೆಳಕಿನ ಗೆರೆ. ಪಕ್ಕದಲ್ಲಿದ್ದ ಹಿರಿಯರು ಕೇಳಿದರು, "ನೀವು ಏರ್‌ಫೋರ್ಸ್‌ನವರಾ ಸರ್?" "ಅಲ್ಲರೀ, ಬೀದರ್‌ನವ" ಅಂದೆ. ಆ ದಿನ ಊರಿನ ಹೆಸರು ಹೇಳುವಾಗ ಎದೆ ತುಂಬಿತ್ತು.

2019ರ ಮಾತನ್ನು ಬರೆಯದೆ ಇರಲಾರೆ. ಫೆಬ್ರವರಿ 19, ಏರೋ ಇಂಡಿಯಾ ಶುರುವಾಗುವ ಹಿಂದಿನ ದಿನ. ಯಲಹಂಕದಲ್ಲಿ ತಾಲೀಮಿನ ವೇಳೆ ಸೂರ್ಯಕಿರಣದ ಎರಡು ಹಾಕ್ ಡಿಕ್ಕಿಯಾದವು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು, ಇಬ್ಬರು ಪೈಲಟ್‌ಗಳು ಹೊರಕ್ಕೆ ಜಿಗಿದು ಉಳಿದರು. ಸುದ್ದಿ ಬಂದಾಗ ನಾನು ನಮ್ಮೂರಿನ ಚೌಬಾರಾ ಗೋಪುರದ ಹತ್ತಿರ ಚಹಾದ ಅಂಗಡಿಯಲ್ಲಿದ್ದೆ. ಟಿವಿ ನೋಡುತ್ತಾ ಅಂಗಡಿಯ ಕಾಕಾ ಒಲೆ ಆರಿಸಿದರು. "ನಮ್ಮ ಹುಡುಗೋರು" ಅಂದರು, ಅಷ್ಟೇ. ಅವರು ಯಾರನ್ನೂ ಭೇಟಿಯಾದವರಲ್ಲ. ದಿನಾ ತಲೆಯ ಮೇಲೆ ಹಾರುವವರು ಅಲ್ವಾ. ಆ ಸಲ ನಾನು ಟಿಕೆಟ್ ಇದ್ದರೂ ಹೋಗಲಿಲ್ಲ. ಅಂದಿನಿಂದ ರೆಕ್ಕೆಗೆ ರೆಕ್ಕೆ ತಾಗುವಷ್ಟು ಹತ್ತಿರ ಬಂದಾಗ ಚಪ್ಪಾಳೆ ತಟ್ಟಲು ಕೈ ಏಳುವುದಿಲ್ಲ. ಒಂಬತ್ತೂ ಬಿಡಿಸಿಕೊಂಡು ಇಳಿಯಲು ತಿರುಗಿದ ಮೇಲೆ ತಟ್ಟುತ್ತೇನೆ.

2025ರಲ್ಲಿ ಮಗಳನ್ನು ಕರೆದುಕೊಂಡು ಹೋದೆ. ರಷ್ಯಾದ ಸುಖೋಯ್-57 ಆ ಸಲದ ದೊಡ್ಡ ಆಕರ್ಷಣೆ. ಅಷ್ಟು ದೊಡ್ಡ ವಿಮಾನ ಮೂತಿ ಎತ್ತಿ ಗಾಳಿಯಲ್ಲಿ ನಿಂತ ಹಾಗೆ ಮಾಡಿ ಒಣಗಿದ ಎಲೆಯಂತೆ ಹೊರಳುತ್ತಿತ್ತು. ಆರು ವರ್ಷದ ಮಗಳು ಕಿವಿ ಮುಚ್ಚಿಕೊಂಡೇ ನೋಡಿದಳು. ಮಕ್ಕಳನ್ನು ಒಯ್ಯುವವರು ಕಿವಿಗೆ ಹಾಕುವ ಮಫ್ ಮರೆಯಬೇಡಿ. ನಾನು ಮರೆತಿದ್ದೆ, ಅವಳ ಕೈ ನೋಯುವವರೆಗೂ ಹಾಗೇ ಕೂತಿದ್ದಳು. ಮರುದಿನ ಹೆಚ್ಎಎಲ್ ಮ್ಯೂಸಿಯಂನಲ್ಲಿ 1961ರಲ್ಲಿ ಮೊದಲು ಹಾರಿದ ಮಾರುತ್ ಯುದ್ಧವಿಮಾನ ತೋರಿಸಿದೆ. ಅಲ್ಲಿ ಸದ್ದಿಲ್ಲ, ಅವಳಿಗೆ ಅದೇ ಹೆಚ್ಚು ಹಿಡಿಸಿತು.

ಆದರೆ ನನಗೆ ಎಲ್ಲಕ್ಕಿಂತ ಉಳಿದದ್ದು 2018ರ ಅಕ್ಟೋಬರ್. ಅದನ್ನು ಬೇಕಂತಲೇ ಕೊನೆಗೆ ಇಟ್ಟುಕೊಂಡೆ. ದೆಹಲಿ ಪಕ್ಕದ ಗಾಜಿಯಾಬಾದ್‌ನಲ್ಲಿ ನಮ್ಮ ಸಂಬಂಧಿಕರೊಬ್ಬರಿದ್ದಾರೆ. ಅಕ್ಟೋಬರ್ 8ರ ವಾಯುಪಡೆ ದಿನದ ಪರೇಡ್ ಆಗ ಅಲ್ಲೇ ಹಿಂಡನ್ ವಾಯುನೆಲೆಯಲ್ಲಿ ನಡೆಯುತ್ತಿತ್ತು. ಆ ವರ್ಷ ಡಕೋಟಾ ಎಂಬ ಹಳೇ ಕಾಲದ ಸಾಗಣೆ ವಿಮಾನ ಹಾರುವುದಿತ್ತು. ಗುಜರಿಗೆ ಹೋಗಬೇಕಿದ್ದ ವಿಮಾನವನ್ನು ಬ್ರಿಟನ್‌ನಲ್ಲಿ ದುರಸ್ತಿ ಮಾಡಿಸಿ ಆ ವರ್ಷವಷ್ಟೇ ವಾಯುಪಡೆಗೆ ಕೊಟ್ಟಿದ್ದರು. ಹೆಸರು ಪರಶುರಾಮ, ಅದರ ಸಂಖ್ಯೆ ವಿಪಿ 905. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟ್‌ನ ಸೈನಿಕರನ್ನು ಶ್ರೀನಗರದಲ್ಲಿ ಇಳಿಸಿದ್ದು ಡಕೋಟಾಗಳೇ.

ಪರೇಡ್‌ಗೆ ಮೊದಲಿನ ತಾಲೀಮು ಸಂಬಂಧಿಕರ ಮಾಳಿಗೆಯಿಂದಲೇ ಕೇಳಿಸಿತು. ಕ್ಯಾಮೆರಾ ಚೀಲದಲ್ಲೇ ಇತ್ತು. ಮೊದಲು ಬಂದದ್ದು ಸದ್ದು. ಜೆಟ್‌ನದು ಬಟ್ಟೆ ಹರಿದಂತೆ ಬಂದು ಹೋಗುತ್ತದೆ. ಇದು ಹಾಗಲ್ಲ. ದೂರದಲ್ಲಿ ಹಿಟ್ಟಿನ ಗಿರಣಿ ಶುರುವಾದ ಹಾಗೆ ಏರುತ್ತಾ ಏರುತ್ತಾ ಬಂತು. ಎರಡು ಎಂಜಿನ್, ಒಂದೊಂದರಲ್ಲಿ 14 ಸಿಲಿಂಡರ್. ನಿಧಾನ, ಎಷ್ಟು ನಿಧಾನವೆಂದರೆ ಕಿಟಕಿ ಎಣಿಸಬಹುದಿತ್ತು. ಬೀದಿಯಲ್ಲಿ ತರಕಾರಿ ಮಾರುವವನೂ ನಿಂತು ನೋಡಿದ. ನಾನು ಫೋನ್ ತೆಗೆದು ಬರೀ ಸದ್ದು ರೆಕಾರ್ಡ್ ಮಾಡಿಕೊಂಡೆ.

ಊರಿಗೆ ಬಂದ ರಾತ್ರಿ ಮಾಳಿಗೆಗೆ ಹೋದೆ. ಮುತ್ಯಾಗೆ ಆಗ ಎಂಬತ್ತು ದಾಟಿತ್ತು. ಬಲಗಿವಿ ಕೇಳುತ್ತಿರಲಿಲ್ಲ. ಫೋನನ್ನು ಎಡಗಿವಿಗೆ ಹಿಡಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಇದಲ್ಲ ತಮ್ಮಾ. ಅದು ಇನ್ನಾ ದಪ್ಪ ಇತ್ತು."

ನನಗೆ ಮೈ ಜುಮ್ಮೆಂದಿತು. ಎಪ್ಪತ್ತು ವರ್ಷದ ಹಿಂದಿನ ಸದ್ದನ್ನು ಅವರು ಹಾಗೇ ಇಟ್ಟುಕೊಂಡಿದ್ದರು. ಅವರು ಹೇಳಿದ್ದು ಸರಿಯೇ. ಲ್ಯಾಂಕಾಸ್ಟ್ರಿಯನ್ ಎಂದರೆ ಲ್ಯಾಂಕಾಸ್ಟರ್ ಬಾಂಬರ್‌ನಿಂದ ಮಾಡಿದ ವಿಮಾನ. ಅದಕ್ಕೆ ನಾಲ್ಕು ಮರ್ಲಿನ್ ಎಂಜಿನ್. ಇಂದು ಹಾರುವ ಸ್ಥಿತಿಯಲ್ಲಿರುವ ಲ್ಯಾಂಕಾಸ್ಟರ್ ಜಗತ್ತಿನಲ್ಲಿ ಎರಡೇ, ಬ್ರಿಟನ್‌ನಲ್ಲಿ ಒಂದು, ಕೆನಡಾದಲ್ಲಿ ಒಂದು. 2014ರಲ್ಲಿ ಕೆನಡಾದ್ದು ಅಟ್ಲಾಂಟಿಕ್ ದಾಟಿ ಹೋಗಿ, ಎರಡೂ ಜೊತೆಯಲ್ಲಿ ಅಲ್ಲಿನ ಏರ್ ಶೋಗಳಲ್ಲಿ ಹಾರಿದವು. ಆ ವಿಡಿಯೋ ಹುಡುಕಿ, ಎರಡು ದಿನದ ಮೇಲೆ ಮತ್ತೆ ಮಾಳಿಗೆಗೆ ಹೋದೆ. ಚಿತ್ರ ತೋರಿಸಲಿಲ್ಲ. ಕತ್ತಲಲ್ಲೇ ಕಿವಿಗೆ ಹಿಡಿದೆ.

ಮುತ್ಯಾ ಏನೂ ಮಾತಾಡಲಿಲ್ಲ. ಹೊರಸಿನ ಕಟ್ಟಿಗೆಯ ಮೇಲೆ ಅಂಗೈ ಇಟ್ಟು ಒತ್ತಿ ಹಿಡಿದರು. ಆಮೇಲೆ ಕೆಳಗಡೆ ಮುಖ ಮಾಡಿ ಅವ್ವನಿಗೆ ಕೂಗಿ ಹೇಳಿದರು:

"ದೀಪ ಆರಸವಾ."