ಮನೆ ಕಂಪ್ಯೂಟರಿಗೆ ಸ್ಯಾಸ್ ಡಿಸ್ಕ್ ಹಾಕಿದ್ದು: ನನ್ನ ಅನುಭವ

ಸ್ಯಾಸ್ (SAS) ಅಂದರೆ ಸರ್ವರ್‌ಗಳಲ್ಲಿ ಡಿಸ್ಕ್ ಜೋಡಿಸುವ ಬಗೆ, ಸಾಟಾ (SATA) ಮನೆ ಕಂಪ್ಯೂಟರಿನದು. ಮನೆಗೆ ಸ್ಯಾಸ್ ಯಾಕೆ, ಸಾಟಾ ಹಾಕಿಕೊಂಡು ಸುಮ್ನಿರು ಅಂತ ಹೇಳದವರೇ ಇಲ್ಲ. ಸರ್ವರ್‌ಗಳಿಂದ ಕಳಚಿದ ನಾಲ್ಕು ಹಳೇ ಸ್ಯಾಸ್ ಡಿಸ್ಕ್‌ಗಳು ನನ್ನ ಮಾಮೂಲಿ ಡೆಸ್ಕ್‌ಟಾಪ್ ಒಳಗೆ ವರ್ಷದ ಮೇಲಿಂದ ತಿರುಗುತ್ತಿವೆ. ಅಂದು ನಕ್ಕವರೇ ಈಗ ಯಾವ ಕಾರ್ಡು, ಯಾವ ಕೇಬಲ್ಲು ಅಂತ ಕೇಳುತ್ತಿದ್ದಾರೆ. ಒಂದೇ ಸಲ ಬರೆದುಬಿಡೋಣ ಅಂತ ಕೂತೆ.

ವೇಗದ ಮಾತು ಮೊದಲು ಮುಗಿಸುತ್ತೇನೆ. ತಿರುಗುವ ಡಿಸ್ಕಿಗೆ ಸ್ಯಾಸ್ ಸಂಪರ್ಕದ ವೇಗ 6 ಗಿಗಾಬಿಟ್ಟೋ 12 ಗಿಗಾಬಿಟ್ಟೋ ಅನ್ನೋದು ಲೆಕ್ಕಕ್ಕೇ ಇಲ್ಲ. 7200 ಆರ್‌ಪಿಎಂ ಡಿಸ್ಕ್ ತಟ್ಟೆಯ ಹೊರ ಅಂಚಲ್ಲಿ ಸೆಕೆಂಡಿಗೆ 200 ಎಂಬಿ ಆಸುಪಾಸು ಕೊಟ್ಟರೆ, ಒಳಗಡೆ ಹೋದಂತೆ ಹೆಚ್ಚುಕಮ್ಮಿ ಅದರ ಅರ್ಧಕ್ಕೆ ಇಳಿಯುತ್ತದೆ. ಸಾಟಾ 3 ಕೊಡುವ 550 ಎಂಬಿಯನ್ನೇ ಅದು ತುಂಬಿಸಲ್ಲ. ವೇಗ ಬೇಕಾದವರು ಆಪರೇಟಿಂಗ್ ಸಿಸ್ಟಮ್ಮನ್ನು ಎನ್‌ವಿಎಂಇ (ಸಾಟಾಗಿಂತ ವೇಗದ ಎಸ್‌ಎಸ್‌ಡಿ) ಮೇಲೆ ಹಾಕಿ, ಅಷ್ಟೇ. ನಾನು ಸ್ಯಾಸ್ ಕಡೆ ಹೋಗಿದ್ದು ದುಡ್ಡಿಗಾಗಿ. ಹೊಸ ಸಾಟಾ ಡಿಸ್ಕ್ ಒಂದರ ಬೆಲೆಗೆ ಅದೇ ಸೈಜಿನ ಬಳಸಿದ ಸ್ಯಾಸ್ ಡಿಸ್ಕ್ ಎರಡು ಬಂದು, ಮೇಲೆ ಸ್ವಲ್ಪ ಉಳಿಯಿತು. ಮಾಮೂಲಿ ಮದರ್‌ಬೋರ್ಡಿಗೆ ಇವು ಕೂರಲ್ಲ, ಹಾಗಾಗಿ ಕೊಳ್ಳೋರು ಕಮ್ಮಿ. ಅಗ್ಗ ಆಗೋದೂ ಅದಕ್ಕೇ.

ಇದಕ್ಕೆ ಮುಂಚೆ ಡಿಸ್ಕನ್ನು ಹೊರಗಿಂದ ಜೋಡಿಸುವ ಯುಎಸ್‌ಬಿ ಡಬ್ಬಿಯನ್ನೂ ನೋಡಿದ್ದೆ. ದೊಡ್ಡ ಕಾಪಿ ನಡೆಯುವಾಗ ಡಿಸ್ಕ್ ಮಾಯವಾಗೋದು, ಸ್ಮಾರ್ಟ್ ಮಾಹಿತಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಹೇಳೋದು) ಹೊರಗೆ ಬರದೇ ಇರೋದು, ಎಲ್ಲ ಆಯಿತು. ಡಿಸ್ಕನ್ನು ಡಬ್ಬಿಯಿಂದ ತೆಗೆದು ನೇರ ಸಾಟಾಗೆ ಹಾಕಿದರೆ ಪಾರ್ಟಿಷನ್ನೇ ಕಾಣಲಿಲ್ಲ. ಯಾಕಂದರೆ ಡಬ್ಬಿಯ ಚಿಪ್ 512 ಬೈಟಿನ ಸೆಕ್ಟರನ್ನು (ಡಿಸ್ಕ್ ಡೇಟಾ ಇಡುವ ತುಣುಕು) 4ಕೆ ಅಂತ ತೋರಿಸುತ್ತಿತ್ತು. ಇನ್ನು ಬೋರ್ಡಿನಲ್ಲಿರುವ ಸಾಟಾ ಪೋರ್ಟ್‌ಗಳಲ್ಲಿ ಎರಡು, ಎರಡನೇ ಎಂ.2 ಸ್ಲಾಟ್ (ಬೋರ್ಡಿನ ಮೇಲೇ ಎಸ್‌ಎಸ್‌ಡಿ ಕೂರಿಸುವ ಜಾಗ) ತುಂಬಿದ ಕೂಡಲೇ ಸತ್ತುಹೋಗುತ್ತವೆ. ಹೇಗಿದ್ದರೂ ಡಿಸ್ಕ್‌ಗಳನ್ನು ಬೋರ್ಡಿಗೆ ಜೋಡಿಸುವ ಒಂದು ಕಾರ್ಡ್ ಕೊಳ್ಳಲೇಬೇಕಿತ್ತು, ಸ್ಯಾಸ್ ಕಾರ್ಡೇ ಕೊಂಡೆ. ಅದಕ್ಕೆ ಸಾಟಾ ಡಿಸ್ಕೂ ಹಾಕಬಹುದಲ್ವಾ?

ಕಾರ್ಡು ಎಲ್‌ಎಸ್‌ಐ 9211-8ಐ. 1068ಇ ಚಿಪ್ಪಿನ ಹಳೇ ಕಾರ್ಡ್‌ಗಳು ಇನ್ನೂ ಅಗ್ಗ, ಆದರೆ 2 ಟಿಬಿ ದಾಟಿದ ಡಿಸ್ಕ್ ಅವಕ್ಕೆ ಪೂರ್ತಿ ಕಾಣಲ್ಲ. ಕಾರ್ಡನ್ನು ಐಟಿ ಮೋಡ್‌ಗೆ ಫ್ಲ್ಯಾಶ್ ಮಾಡಬೇಕು, ಅಂದರೆ ಡಿಸ್ಕ್‌ಗಳನ್ನು ಒಟ್ಟುಗೂಡಿಸದೆ ಒಂದೊಂದಾಗಿ ನೇರ ಕಂಪ್ಯೂಟರಿಗೆ ತೋರಿಸುವ ಫರ್ಮ್‌ವೇರ್ ತುಂಬಬೇಕು. ಈ ಡಿಸ್ಕ್‌ಗಳಿಂದ ಬೂಟ್ ಮಾಡೋದಿಲ್ಲ ಅಂದರೆ ಕಾರ್ಡಿಗೆ ಬೂಟ್ ರಾಮ್ ಹಾಕಬೇಡಿ, ಕಂಪ್ಯೂಟರ್ ಏಳುವ ಸಮಯ ಉಳಿಯುತ್ತದೆ. ನನ್ನ ಬೋರ್ಡ್ ಫ್ಲ್ಯಾಶ್‌ಗೆ ಸುತಾರಾಂ ಒಪ್ಪಲಿಲ್ಲ. ಹೇಗೆ ಒಪ್ಪಿಸಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಕೇಬಲ್ ವಿಷಯದಲ್ಲಿ ಹುಷಾರು. ಸಾಟಾ ಡಿಸ್ಕಿನ ಹಿಂದೆ ಡೇಟಾ ಮತ್ತು ಪವರ್ ನಡುವೆ ಸಣ್ಣ ಸಂದು ಇರುತ್ತದೆ. ಸ್ಯಾಸ್ ಡಿಸ್ಕಿನಲ್ಲಿ ಆ ಸಂದು ಮುಚ್ಚಿರುತ್ತದೆ. ತಿರುಗಿಸಿ ನೋಡಿದರೆ ಅದೇ ಮುಚ್ಚಿದ ಜಾಗದ ಇನ್ನೊಂದು ಮಗ್ಗುಲಲ್ಲಿ ಇನ್ನೂ ಏಳು ಪಿನ್ನು, ಅದು ಎರಡನೇ ಪೋರ್ಟು. ಆದ್ದರಿಂದ ಸಾಟಾ ಕೇಬಲ್ ಇದಕ್ಕೆ ಕೂರಲ್ಲ, ಎಸ್‌ಎಫ್‌ಎಫ್-8482 ಅನ್ನೋ ಸ್ಯಾಸ್ ತಲೆಯ ಕೇಬಲ್ಲೇ ಬೇಕು. ಹಳೇ ಸಾಟಾ ಡಿಸ್ಕ್‌ಗಳಿಗೆಂದು ಬೇರೆ ಕೇಬಲ್ ತರಿಸಿದರೆ ಮಾರಿದವನು ಉಲ್ಟಾ ದಿಕ್ಕಿಗೆ ಮಾಡಿದ ರಿವರ್ಸ್ ಬ್ರೇಕ್‌ಔಟ್ ಕೇಬಲ್ ಕಳಿಸಿದ. ನೋಡೋಕೆ ತದ್ರೂಪು, ಡಿಸ್ಕ್ ಮಾತ್ರ ಕಾಣಲ್ಲ. ಕಾರ್ಡಿನ ಮೂರನೇ ಒಂದು ಭಾಗದಷ್ಟು ದುಡ್ಡು ಹಾಗೇ ಹೋಯಿತು.

ಸರಿಯಾದ ಕೇಬಲ್ ಬಂದ ಮೇಲೆ ಇನ್ನೊಂದು ತಲೆನೋವು. ನಾಲ್ಕೂ ಡಿಸ್ಕ್ ಕಾಣುತ್ತವೆ, ಸೈಜು ಮಾತ್ರ ಸೊನ್ನೆ! ಸ್ಟೋರೇಜ್ ಸರ್ವರಿನಿಂದ ಬಂದ ಮಾಲು, ಸೆಕ್ಟರ್ 512 ಅಲ್ಲ, 520 ಬೈಟು, ಮಾಮೂಲಿ ಕಂಪ್ಯೂಟರಿಗೆ ಅದು ಅರ್ಥವಾಗಲ್ಲ. ಲಿನಕ್ಸಿನಲ್ಲಿ ಎಸ್‌ಜಿ-ಫಾರ್ಮ್ಯಾಟ್ (sg_format) ಅನ್ನೋ ಕಮಾಂಡ್ ಹಾಕಿ 512ಕ್ಕೆ ಇಳಿಸಿದೆ. 4 ಟಿಬಿಗೆ ಎಂಟು ಗಂಟೆ ಹತ್ತಿರ ಹಿಡಿಯಿತು. ಒಂದು ಡಿಸ್ಕ್ ಅರ್ಧ ದಾರಿಯಲ್ಲಿರುವಾಗ ಕರೆಂಟ್ ಹೋಯಿತು. ಆಮೇಲೆ ಅದು ಏನು ಕೇಳಿದರೂ ಫಾರ್ಮ್ಯಾಟ್ ಕೆಟ್ಟಿದೆ ಅಂತ ಒಂದೇ ಹಾಡು ಹಾಡಿತು. ಸತ್ತಿತು ಅಂತ ಎಸೆಯಬೇಡಿ. ಮತ್ತೆ ಮೊದಲಿಂದ ಫಾರ್ಮ್ಯಾಟ್ ಹಾಕಿದೆ, ಎದ್ದು ಕೂತಿತು.

ಬರೆಯುವ ವೇಗ ಆಗಲೂ ಓದುವುದರ ಅರ್ಧಕ್ಕಿಂತ ಕಮ್ಮಿ ಇತ್ತು. ಸರ್ವರಿನಲ್ಲಿ ಡಿಸ್ಕಿನ ರೈಟ್ ಕ್ಯಾಶ್ (ಬರೆಯೋದನ್ನು ಮೊದಲು ಹಿಡಿದಿಡುವ ಮೆಮೊರಿ) ಆಫ್ ಮಾಡಿಟ್ಟಿರುತ್ತಾರೆ, ಅದು ಹಾಗೇ ಉಳಿದುಬಿಡುತ್ತದೆ. ಎಸ್‌ಡಿಪಾರ್ಮ್ (sdparm) ಕಮಾಂಡಿನಲ್ಲಿ ಡಬ್ಲ್ಯುಸಿಇ (ಆ ಕ್ಯಾಶಿನ ಸ್ವಿಚ್ಚು) 1 ಮಾಡಿ ಸೇವ್ ಮಾಡಿದ ಮೇಲೆ ಸರಿಹೋಯಿತು. ಕರೆಂಟ್ ಹೋದರೆ ಕ್ಯಾಶಿನಲ್ಲಿದ್ದದ್ದೂ ಹೋಗುತ್ತದೆ, ಯುಪಿಎಸ್ ಇಲ್ಲದವರು ಯೋಚಿಸಿ ಮಾಡಿ.

ಜಾಸ್ತಿ ಕಾಡಿದ್ದು ಕಾರ್ಡಿನ ಬಿಸಿ. ಸರ್ವರಿನ ಜೋರು ಗಾಳಿಗೆ ಅಂತ ಮಾಡಿದ ಕಾರ್ಡು, ಮನೆ ಕ್ಯಾಬಿನೆಟ್ಟಿನಲ್ಲಿ ಅದರ ಹೀಟ್‌ಸಿಂಕ್ ಮುಟ್ಟೋ ಹಾಗಿರಲಿಲ್ಲ. ಕಾಪಿ ಜೋರಾದಾಗ ನಾಲ್ಕೂ ಡಿಸ್ಕ್ ಒಟ್ಟಿಗೆ ಮಾಯ. ಎಲ್ಲರೂ ಡಿಸ್ಕ್ ಹಳೇದು ಅಂದರು. ಡಿಸ್ಕಾದರೆ ಒಂದು ಹೋಗಬೇಕು, ನಾಲ್ಕೂ ಹೇಗೆ ಹೋಗುತ್ತವೆ? 40 ಎಂಎಂ ಫ್ಯಾನ್ ಕೂರಿಸಿದೆ, ಅಲ್ಲಿಗೆ ನಿಂತಿತು.

ನಡುವೆ ಒಂದು ಹುಚ್ಚು. 15,000 ಆರ್‌ಪಿಎಂ ಡಿಸ್ಕ್ ಒಂದು ಪುಗಸಟ್ಟೆ ಸಿಕ್ಕಿತು, ಕಾರ್ಡಿಗೆ ಬೂಟ್ ರಾಮ್ ಹಾಕಿ ಅದರಿಂದಲೇ ಬೂಟ್ ಮಾಡಿದೆ. ಹೆಡ್ ಓಡಾಡೋದು ಮಾಮೂಲಿ ಡಿಸ್ಕಿನ ಅರ್ಧ ಸಮಯದಲ್ಲಿ, ಗೊತ್ತಾಗುವಷ್ಟು ಚುರುಕು. ಆದರೆ ಸದ್ದು ಪಕ್ಕದ ರೂಮಿಗೆ ಕೇಳುತ್ತಿತ್ತು. ಹಳೇ ಸಾಟಾ ಎಸ್‌ಎಸ್‌ಡಿಯೊಂದು ಅದನ್ನು ಆಟವಾಡಿಸಿ ಬಿಟ್ಟಿತು.

ಕರೆಂಟಿನ ಲೆಕ್ಕವನ್ನೂ ಹೇಳಬೇಕು. ಕಾರ್ಡ್ ಸುಮ್ಮನೆ ಕೂತರೂ 10 ವ್ಯಾಟ್ ಹತ್ತಿರ ತಿನ್ನುತ್ತದೆ, ಡಿಸ್ಕ್ ಒಂದೊಂದೂ 7-8 ವ್ಯಾಟು. ನನ್ನವು ಕೆಲಸ ಇಲ್ಲದಾಗ ತಿರುಗೋದು ನಿಲ್ಲಿಸಿ ನೆಟ್ಟಗೆ ಮಲಗೋದೂ ಇಲ್ಲ. ಒಂದೋ ಎರಡೋ ಡಿಸ್ಕ್ ಸಾಕು ಅನ್ನೋರು ಸಾಟಾದಲ್ಲೇ ಇರಿ. ಕಾರ್ಡು, ಕೇಬಲ್ಲು, ಕರೆಂಟು ಎಲ್ಲ ಸೇರಿದರೆ ನಾಲ್ಕು ಡಿಸ್ಕಿಗಿಂತ ಕಮ್ಮಿಗೆ ಇದು ಗಿಟ್ಟಲ್ಲ.

ಈಗ ನೋಡುತ್ತಿರುವುದು ಗ್ರೋನ್ ಡಿಫೆಕ್ಟ್ (ಬಳಸುತ್ತಾ ಕೆಟ್ಟ ಜಾಗಗಳು) ಸಂಖ್ಯೆ ಒಂದನ್ನೇ. ಮೂರು ಡಿಸ್ಕಿನಲ್ಲಿ ಸೊನ್ನೆ, ಒಂದರಲ್ಲಿ ಹತ್ತರ ಆಸುಪಾಸು ಬಂದು ನಿಂತಿದೆ. ಏರಿದರೆ ಹಾಕೋಕೆ ಉಳಿದ ದುಡ್ಡಲ್ಲಿ ಐದನೆಯದನ್ನು ತಂದು, 512ಕ್ಕೆ ಇಳಿಸಿ ಇಟ್ಟಿದ್ದೇನೆ.